ಕೇಳಿದರೆ ಮಾತ್ರ ಹೇಳುವ ಮಾತು

ದೊಡ್ಡವನಿಗೆ ಗಾಜು ಕೊಯ್ದು ಅಂಗೈ ತುಂಬ ರಕ್ತ ಬಂದರೂ ಲೆಕ್ಕಕ್ಕಿಲ್ಲ. ಸೂಜಿ ಕಂಡರೆ ಮಾತ್ರ ಕಣ್ಣು ಕತ್ತಲೆ ಕಟ್ಟುತ್ತದೆ. ಅವನು ಶಾಲೆಗೆ ಹೋಗುತ್ತಿದ್ದ ಕಾಲದಿಂದ ಅವನ ತಾಯಿಗೆ ಇದು ಗೊತ್ತು. ಚುಚ್ಚುಮದ್ದು ಹಾಕುವವರು ಬಂದ ದಿನ ಇವನು ಬಾಗಿಲ ಸಂದಿಯಲ್ಲಿ ಅವಿತುಕೊಂಡರೆ, ಅವಳಿ ತಮ್ಮ ಸಾಲಿನಲ್ಲಿ ಎರಡು ಸಲ ನಿಂತು, ಬಲತೋಳಿಗೊಂದು ಎಡತೋಳಿಗೊಂದು ಹಾಕಿಸಿಕೊಂಡು ಬರುತ್ತಿದ್ದ. ಗುರುತು ಹಿಡಿಯುವವರು ಯಾರಿದ್ದರು? ಇಬ್ಬರೂ ಒಂದೇ ಅಚ್ಚಿನಲ್ಲಿ ಎರೆದ ಹಾಗಿದ್ದರು. ತಮ್ಮ ಜ್ವರ ಬಂದು ಮಲಗುತ್ತಿದ್ದ, ಅಣ್ಣ ಅವನ ಪಾಲಿನ ರೊಟ್ಟಿಯನ್ನೂ ತಿಂದು ಆಡಲು ಓಡುತ್ತಿದ್ದ. ತಾಯಿ ಬೈದಳು, ಆಮೇಲೆ ನಕ್ಕಳು, ಆಮೇಲೆ ಬಿಟ್ಟಳು.

ಆ ತಾಯಿಯನ್ನು ಈಗ ಮನೆಯಲ್ಲೂ ಬೀದಿಯಲ್ಲೂ ಎಲ್ಲರೂ ಅಜ್ಜಿ ಎನ್ನುತ್ತಾರೆ. ಮಕ್ಕಳಿಗೆ ತಲೆ ನರೆತಿದೆ. ಕಾಲು ಗಂಟೆ ಮೊದಲು ಹುಟ್ಟಿದ್ದಕ್ಕೆ ಒಬ್ಬ ದೊಡ್ಡವ, ಇನ್ನೊಬ್ಬ ಚಿಕ್ಕವ. ಕೆಳಗೆ ಗಾಜಿನ ಅಂಗಡಿ, ಮೇಲೆ ಮನೆ. ಕಿಟಕಿಗೆ ಗಾಜು ಕೂರಿಸುವುದು, ಕನ್ನಡಿಗೆ ಅಂಚು ಉಜ್ಜುವುದು, ಅಂಗಡಿಗಳ ಮುಂಭಾಗಕ್ಕೆ ಆಳೆತ್ತರದ ಗಾಜು ನಿಲ್ಲಿಸುವುದು ಇವರ ಕಸುಬು. ಇವರ ಅಪ್ಪನದೂ ಅದೇ. ದೊಡ್ಡ ಗಾಜನ್ನು ಇಬ್ಬರೇ ಹೊರಬೇಕು. ಮೂರನೆಯವನು ಸೇರಿದರೆ ಒಡೆಯುತ್ತದೆ. ಮುಂದಿನವನು ದಾರಿ ಹೇಳುತ್ತ ಹೋಗುತ್ತಾನೆ: ಮೆಟ್ಟಿಲು, ತಿರುವು, ತಲೆ. ಹಿಂದಿನವನಿಗೆ ತನ್ನ ಪಾದವೂ ಕಾಣುವುದಿಲ್ಲ, ಮುಂದಿನವನ ಮಾತೇ ಅವನ ಕಣ್ಣು.

ದೊಡ್ಡವನ ಹೆಂಡತಿ ತೀರಿಕೊಂಡು ವರ್ಷಗಳಾದವು. ಅವನ ಮಗಳು ಮದುವೆಯಾಗಿ ಎರಡು ಬೀದಿ ಆಚೆ ಇದ್ದಾಳೆ, ದಿನಕ್ಕೊಮ್ಮೆ ಬಂದೇ ಬರುತ್ತಾಳೆ. ಚಿಕ್ಕವನಿಗೆ ಮಕ್ಕಳಿಲ್ಲ. ಅವನ ಹೆಂಡತಿ, ಅಜ್ಜಿಗೆ ಈಗಿರುವ ಒಬ್ಬಳೇ ಸೊಸೆ, ದೊಡ್ಡ ಬಟ್ಟೆ ಅಂಗಡಿಯಲ್ಲಿ ಪರದೆ ಹೊಲಿಯುತ್ತಾಳೆ. "ನೀವು ಬೆಳಕು ಬಿಡೋರು, ನಾನು ಮುಚ್ಚೋಳು" ಎಂದು ಗಂಡನನ್ನು ಕೆಣಕುತ್ತಾಳೆ.

ಅವತ್ತು ಮೊಮ್ಮಗಳು ಬಂದಾಗ ಎಲ್ಲರೂ ಊಟಕ್ಕೆ ಕೂತಿದ್ದರು. ಅವಳು ಆಗ ಬಸುರಿ, ಮೂರು ತಿಂಗಳು ತುಂಬಿ ನಾಲ್ಕರಲ್ಲಿ. ಸೊಸೆ ಅವಳಿಗೂ ಬೇಳೆ ಬಡಿಸಿದಳು. ಅವಳು ಮುಟ್ಟಲಿಲ್ಲ.

"ಡಾಕ್ಟರು ಮನೇಲಿ ಯಾರಿಗಾದ್ರೂ ಕಾಯಿಲೆ ಇತ್ತಾ ಅಂತ ಕೇಳಿದ್ರು. ಎಲ್ಲರನ್ನೂ ಕೇಳ್ತಾರಂತೆ. ನಾನು ತಾತನ ವಿಷಯ ಹೇಳ್ದೆ."

ಚಮಚಗಳು ನಿಂತವು.

ತಾತನ ವಿಷಯ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಐವತ್ತು ದಾಟಿದ ಮೇಲೆ ಆ ಮನುಷ್ಯನ ನಡಿಗೆ ಕೆಟ್ಟಿತು. ದೋಣಿಯ ಮೇಲೆ ನಿಂತವನ ಹಾಗೆ ಕಾಲು ಅಗಲಿಸಿ ತೂರಾಡುತ್ತಿದ್ದ. ಬೀದಿಯವರು ಕುಡಿತ ಕಲಿತ ಎಂದರು. ಆಮೇಲೆ ನಾಲಿಗೆ ದಪ್ಪವಾಯಿತು, ಚಮಚ ಬಾಯಿಗೆ ಬಾರದೆ ಕೆನ್ನೆಗೆ ಹೋಗತೊಡಗಿತು. ಅಜ್ಜಿ ಅವನನ್ನು ಎತ್ತಿ ಕೂರಿಸಿ, ತೊಳೆದು, ಉಣಿಸಿ, ವರ್ಷಗಟ್ಟಲೆ ನೋಡಿಕೊಂಡಳು. ಕೊನೆಗೆ ದೊಡ್ಡಾಸ್ಪತ್ರೆಯವರು ರಕ್ತ ನೋಡಿ, ಇದು ವಂಶದಲ್ಲಿ ಇಳಿಯುವ ಕಾಯಿಲೆ, ಮಕ್ಕಳಿಗೆ ಬಂದರೆ ಬಂತು, ಬಾರದಿದ್ದರೆ ಇಲ್ಲ, ನಾಣ್ಯ ಚಿಮ್ಮಿದ ಹಾಗೆ ಎಂದಿದ್ದರು. ಬೇರೆ ತಾಯಂದಿರಿಗಾದರೆ ಒಬ್ಬ ಮಗ ಹೋದರೆ ಇನ್ನೊಬ್ಬ ಉಳಿದಾನು ಎಂಬ ಆಸೆ ಇರುತ್ತದೆ. ಇವಳ ಮಕ್ಕಳು ಒಂದೇ ಅಚ್ಚು. ಇದ್ದರೆ ಇಬ್ಬರಿಗೂ, ಇಲ್ಲದಿದ್ದರೆ ಇಬ್ಬರಿಗೂ ಇಲ್ಲ. ಅಂದಿನಿಂದ ಅಜ್ಜಿ ಮಕ್ಕಳ ಮುಖ ನೋಡುವ ಮೊದಲು ಕಾಲು ನೋಡುತ್ತಿದ್ದಳು.

"ಈಗ ಏನಂತೆ?" ದೊಡ್ಡವ ಕೇಳಿದ.

"ನೀವು ಪರೀಕ್ಷೆ ಮಾಡಿಸ್ಕೊಂಡ್ರೆ ಒಳ್ಳೇದಂತೆ. ನಿಮಗಿಲ್ಲ ಅಂದ್ರೆ ನನಗಿಲ್ಲ, ಮಗೂಗೂ ಇಲ್ಲ. ಅಲ್ಲಿಗೆ ಮುಗೀತು."

"ಇದೆ ಅಂದ್ರೆ?"

"ಆಗ ನಾನು ನೋಡ್ಕೋತೀನಿ ಅಪ್ಪಾ. ಗೊತ್ತಿಲ್ಲದೆ ಹೊತ್ಕೊಂಡು ತಿರುಗೋಕೆ ನನ್ನಿಂದ ಆಗಲ್ಲ."

"ನಾಳೇನೇ ಹೋಗೋಣ" ಎಂದ ದೊಡ್ಡವ.

ಚಿಕ್ಕವ ತಟ್ಟೆ ಸರಿಸಿದ. "ಹೋಗು. ಆದ್ರೆ ನನಗೆ ಹೇಳ್ಬೇಡ."

"ಅದು ಹೇಗೋ? ನನ್ನದು ಗೊತ್ತಾದ್ರೆ ನಿನ್ನದೂ ಗೊತ್ತಾದ ಹಾಗೇ ಅಲ್ವೇನೋ?"

"ಅದಕ್ಕೇ ಹೇಳ್ತಿರೋದು. ಅಪ್ಪನ್ನ ನೋಡಿಲ್ವಾ? ಮುಂದೆ ಅದೇ ಅಂತ ಗೊತ್ತಾದ್ರೆ ನಾನು ಇವತ್ತಿಂದಾನೇ ತೂರಾಡ್ತೀನಿ. ಬಂದ್ರೆ ಬರ್ಲಿ. ಬರೋವರೆಗೆ ನೆಮ್ಮದಿಯಾಗಿ ಗಾಜು ಹೊರ್ತೀನಿ."

"ಒಳ್ಳೇದಾದ್ರೆ ಹೇಳ್ಬಹುದಲ್ವಾ ಚಿಕ್ಕಪ್ಪಾ?"

"ನೋಡು ಪುಟ್ಟಾ, ಒಳ್ಳೇದಾದ್ರೆ ಹೇಳ್ತೀರಿ, ಕೆಟ್ಟದ್ದಾದ್ರೆ ಸುಮ್ಮನಿರ್ತೀರಿ. ಆಗ ಸುಮ್ಮನಿರೋದೇ ಹೇಳಿದ ಹಾಗಾಗುತ್ತೆ. ಅದಕ್ಕೇ ಒಳ್ಳೇದಾದ್ರೂ ಹೇಳ್ಬಾರದು. ನಾನಾಗಿ ಕೇಳಿದ್ರೆ ಮಾತ್ರ."

ಮಾತು ಗಟ್ಟಿಯಾಗಿತ್ತು. ಎಲ್ಲರೂ ಹೂಂ ಎಂದರು. ಸೊಸೆ ಮಾತ್ರ ಏನೂ ಅನ್ನದೆ ತಟ್ಟೆ ಎತ್ತಿಕೊಂಡು ಹೋದಳು. ಅವಳನ್ನು ಯಾರೂ ಕೇಳಿರಲಿಲ್ಲ.

ರಕ್ತ ಕೊಡುವ ದಿನ ಅಣ್ಣ ತಮ್ಮ ಇಬ್ಬರೂ ಗಾಡಿಯಲ್ಲೇ ಹೋದರು, ಆಸ್ಪತ್ರೆಯ ಆಚೆ ಒಂದು ಮನೆಗೆ ಕಿಟಕಿ ಮುಟ್ಟಿಸುವುದಿತ್ತು. ಸಂಜೆ ಊಟಕ್ಕೆ ಬಂದಾಗ ಇಬ್ಬರಿಗೂ ನಗು ತಡೆಯುತ್ತಿರಲಿಲ್ಲ.

"ಏನ್ರೋ ಅದು?" ಎಂದಳು ಅಜ್ಜಿ.

"ಅಮ್ಮಾ, ಇವನು ಒಳಗೆ ಹೋದ, ಸೂಜಿ ನೋಡ್ದ, ಗೋಡೆಗೆ ಒರಗ್ದ" ಎಂದು ಚಿಕ್ಕವ ಶುರು ಮಾಡಿದ. "ಮುಖ ಸುಣ್ಣ. ನೀರು ಕುಡಿದು ಬರ್ತೀನಿ ಅಂತ ಹೊರಗೆ ಓಡಿ ಬಂದ. ನಾನು ನೋಡ್ದೆ, ಗಿರಾಕಿ ಬೇರೆ ಕಾಯ್ತಾ ಇದ್ದಾನೆ. ಬಿಡು ಅಂತ ನಾನೇ ಹೋಗಿ ತೋಳು ಒಡ್ಡಿ ಬಂದೆ."

"ಯಾರೂ ಕೇಳ್ಲಿಲ್ವಾ?"

"ಕೇಳಿದ್ರು. ಹುಟ್ಟಿದ ದಿನ ಕೇಳಿದ್ರು, ಹೇಳ್ದೆ. ಅದೇನು ಸುಳ್ಳೇ? ಹೆಸರು ಮಾತ್ರ ಇವನದು ಹೇಳ್ದೆ."

ದೊಡ್ಡವ ನಗುತ್ತ ಮೇಜು ಕುಟ್ಟಿದ. ಅಜ್ಜಿಗೂ ನಗು ಬಂತು. ನರೆತ ತಲೆಗಳು, ಬುದ್ಧಿ ಅದೇ ಶಾಲೆಯ ಸಾಲಿನದು. ಮೊಮ್ಮಗಳು ನಗಲಿಲ್ಲ.

"ಚಿಕ್ಕಪ್ಪಾ, ನಿಮಗೆ ಈ ಪರೀಕ್ಷೆ ಬೇಡ ಅಂದಿದ್ರಿ!"

"ನನಗೆ ಬೇಡ. ರಕ್ತ ಕೊಟ್ಟೆ ಅಷ್ಟೆ."

"ಅದು ನಿಮ್ಮ ಪರೀಕ್ಷೆ ಆಯ್ತಲ್ಲ!"

"ಒಂದೇ ರಕ್ತ ಕಣಮ್ಮಾ" ಎಂದ ದೊಡ್ಡವ. "ಆ ಕೊಡದಿಂದ ತೆಗೆದ್ರೇನು, ಈ ಕೊಡದಿಂದ ತೆಗೆದ್ರೇನು."

"ನಾನು ಆಸ್ಪತ್ರೆಗೆ ಫೋನ್ ಮಾಡಿ ಹೇಳ್ತೀನಿ."

"ಯಾಕೆ? ಸುಮ್ಮನಿದ್ರೆ ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗಿದೆಯಲ್ಲ ಅಪ್ಪಾ" ಎಂದು ಅವಳು ಎದ್ದೇಬಿಟ್ಟಳು. ಹಟದಲ್ಲಿ ಅವಳು ಅಜ್ಜಿಯ ಮೊಮ್ಮಗಳೇ.

ಆಸ್ಪತ್ರೆಯಲ್ಲಿ ಇಂಥ ವಿಷಯಕ್ಕೆಂದೇ ಒಬ್ಬಳು ಸಲಹೆಗಾರ್ತಿ ಇದ್ದಳು. ವಯಸ್ಸು ಕಮ್ಮಿ, ದೊಡ್ಡ ಕನ್ನಡಕ, ಮಾತು ನಿಧಾನ. ರಕ್ತ ಕೊಟ್ಟು ತಿಂಗಳಾದ ಮೇಲೆ ಅಜ್ಜಿ, ಇಬ್ಬರು ಮಕ್ಕಳು, ಮೊಮ್ಮಗಳು ನಾಲ್ವರನ್ನೂ ಕರೆಸಿ ಎದುರಿಗೆ ಕೂರಿಸಿಕೊಂಡಳು. ಸೊಸೆಗೆ ಅಂದು ಕೆಲಸವಿತ್ತು. ರಜೆ ಹಾಕು ಎಂದು ಯಾರೂ ಹೇಳಿರಲಿಲ್ಲ.

"ಎಷ್ಟು ದೊಡ್ಡ ತಪ್ಪು ಗೊತ್ತಾ ಇದು?" ಎಂದಳು ಸಲಹೆಗಾರ್ತಿ. "ನಿಮ್ಮಿಬ್ಬರದು ಒಂದೇ ಅಚ್ಚಾಗದೆ ಹೋಗಿದ್ರೆ ಒಬ್ಬರ ಕಾಯಿಲೆ ಇನ್ನೊಬ್ಬರ ಹೆಸರಿಗೆ ಹೋಗ್ತಿತ್ತು. ಸೂಜಿ ಭಯ ಅಂತ ಒಂದು ಮಾತು ಹೇಳಿದ್ರೆ ಕೆನ್ನೆ ಒಳಗೆ ಹತ್ತಿ ಆಡಿಸಿ ತಗೋತಿದ್ವಿ."

ಅಣ್ಣ ತಮ್ಮ ಒಬ್ಬರ ಮುಖ ಒಬ್ಬರು ನೋಡಿದರು. "ಹತ್ತಿ ಸಾಕಿತ್ತಾ?" ಎಂದ ದೊಡ್ಡವ.

"ಕೇಳಿದ್ರೆ ಹೇಳ್ತಿದ್ವಿ."

"ಈಗ ಫಲಿತಾಂಶ?" ಮೊಮ್ಮಗಳು ಕೇಳಿದಳು.

"ಬಂದಿದೆ. ಮುಚ್ಚಿಟ್ಟಿದ್ದೀನಿ. ರಕ್ತ ಯಾರದ್ದೋ ಫಲಿತಾಂಶ ಅವರದ್ದು. ನಿಮ್ಮ ಅಪ್ಪಂಗೆ ಹೇಳೋ ಹಾಗಿಲ್ಲ. ಹೇಳೋದಾದ್ರೆ ಇವರಿಗೆ" ಎಂದು ಚಿಕ್ಕವನ ಕಡೆ ಕೈ ಮಾಡಿದಳು.

ಚಿಕ್ಕವ ಕುರ್ಚಿಯಲ್ಲೇ ಹಿಂದೆ ಸರಿದ. "ಅದೇ ಬೇಡ ಅಂತ ತಾನೇ ನಾನು ಬಡ್ಕೊಳ್ತಿರೋದು!"

"ಬೇಡ ಅಂದ್ರೆ ಹಾಗೇ ಅಳಿಸಿಹಾಕ್ತೀವಿ. ನಿಮ್ಮ ಅಣ್ಣನದು ಹೊಸದಾಗಿ ನೋಡ್ತೀವಿ. ಆದ್ರೆ ಇನ್ನೂ ಒಂದು ತಿಂಗಳಾದ್ರೂ ಹಿಡಿಯುತ್ತೆ."

ಮೊಮ್ಮಗಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಬೇಕೆಂದು ಇಟ್ಟದ್ದಲ್ಲ, ಹಾಗೇ ಹೋಯಿತು. ಚಿಕ್ಕವ ಅದನ್ನು ನೋಡಿದ. 

"ಇವರಿಗೆ ಹೇಳಿ" ಎಂದ, ತಾಯಿಯನ್ನು ತೋರಿಸಿ. "ನನ್ನ ಒಪ್ಪಿಗೆ ಇದೆ. ಇವರು ಅಣ್ಣಂಗೆ ಹೇಳ್ಲಿ, ಹುಡುಗಿಗೆ ಹೇಳ್ಲಿ. ನನಗೆ ನಾನು ಕೇಳಿದ್ರೆ ಮಾತ್ರ. ಇವರ ಮುಖ ಓದೋಕೆ ದೇವರಿಂದಲೂ ಆಗಲ್ಲ, ಅಪ್ಪ ಸತ್ತ ದಿನ ಬಂದೋರಿಗೆಲ್ಲ ಚಹಾ ಕೊಟ್ಟೋರು."

"ಅಜ್ಜಿ, ನಿಮಗೆ ಒಪ್ಪಿಗೆನಾ?"

"ಮಗ ತೋಳು ಕೊಟ್ಟಿದ್ದಾನೆ" ಎಂದಳು ಅಜ್ಜಿ. "ನಾನು ಮಾತು ಕೊಡ್ತೀನಿ."

ದೊಡ್ಡವನ ಕೆನ್ನೆಯೊಳಗೆ ಹತ್ತಿ ಆಡಿಸಿ, ಇಬ್ಬರೂ ನಿಜವಾಗಿ ಒಂದೇ ಅಚ್ಚೇ ಎಂದು ಹೊಂದಿಸಿ ನೋಡಿದರು. ಅದಕ್ಕೆ ಹೆಚ್ಚು ದಿನ ಹಿಡಿಯಲಿಲ್ಲ. ಆಮೇಲೆ ಅಜ್ಜಿ ಒಬ್ಬಳೇ ಆ ಕೋಣೆಯಲ್ಲಿ ಕೂತಳು.

"ನಿಮ್ಮ ಯಜಮಾನರಲ್ಲಿ ಇದ್ದ ದೋಷ ಈ ರಕ್ತದಲ್ಲಿ ಇಲ್ಲ" ಎಂದಳು ಸಲಹೆಗಾರ್ತಿ.

"ಇಲ್ಲ ಅಂದ್ರೆ?"

"ಇಬ್ಬರಿಗೂ ಬರಲ್ಲ. ಮೊಮ್ಮಗಳಿಗೂ ಬರಲ್ಲ, ಅವರ ಮಗೂಗೂ ಬರಲ್ಲ. ನಿಮ್ಮ ಮನೇಲಿ ಇದು ನಿಮ್ಮ ಯಜಮಾನರ ಜೊತೆಗೇ ಹೋಯ್ತು."

ಅಜ್ಜಿ ಇನ್ನೊಮ್ಮೆ ಹೇಳಿಸಿಕೊಂಡಳು. ಮತ್ತೊಮ್ಮೆ ಹೇಳಿಸಿಕೊಂಡಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಒಣಗಿತೇ ಎಂದು ಕೈಯಿಂದ ಮುಟ್ಟಿ ನೋಡಿಕೊಂಡು, ಹೊರಗೆ ಬಂದಳು. ಚಿಕ್ಕವ ಗಾಡಿಯ ಹತ್ತಿರ ರಸ್ತೆಗೆ ಮುಖ ಮಾಡಿ ನಿಂತಿದ್ದ, ತಿರುಗಲಿಲ್ಲ.

"ಬಂದ್ಯಾ?"

"ಬಂದೆ. ದಾರಿಯಲ್ಲಿ ಈರುಳ್ಳಿ ತಗೋಬೇಕು, ನಿಲ್ಲಿಸು."

ಅಳು ನುಂಗುವುದನ್ನು ಅಜ್ಜಿ ಗಂಡನ ಕಾಲದಲ್ಲೇ ಕಲಿತಿದ್ದಳು. ನಗು ನುಂಗುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ.

ದೊಡ್ಡವನಿಗೂ ಮೊಮ್ಮಗಳಿಗೂ ಅವಳ ಮನೆಯಲ್ಲೇ, ಬಾಗಿಲು ಹಾಕಿ ಹೇಳಿದಳು. ಹುಡುಗಿ ಕೂಗಿಕೊಂಡಳು. ದೊಡ್ಡವ ಅತ್ತೇ ಬಿಟ್ಟ; ಅತ್ತು ಮೂಗು ಒರೆಸಿಕೊಂಡು, "ಈಗಲೇ ಹೋಗಿ ಅವನಿಗೆ ಹೇಳ್ತೀನಿ" ಎಂದು ಎದ್ದ.

"ಕೂತ್ಕೋ" ಎಂದಳು ಅಜ್ಜಿ.

"ಅಮ್ಮಾ, ಒಳ್ಳೆ ಸುದ್ದಿ ಇದು!"

"ಒಳ್ಳೇದಾದ್ರೂ ಬೇಡ ಅಂದ. ನೀನು ಹೂಂ ಅಂದೆ. ಆ ಹೂಂ ಮೇಲೆ ಅವನು ಒಪ್ಪಿಗೆ ಕೊಟ್ಟ. ಈಗ ನಮ್ಮ ಕೆಲಸ ಆಯ್ತು ಅಂತ ಮಾತು ಮುರಿಯೋದಾ?"

"ಅವನು ಬೈಯಲ್ಲ ಅಮ್ಮಾ, ಕುಣೀತಾನೆ."

"ಕುಣಿಯೋನು ಕೇಳ್ಲಿ. ಕೇಳಿದ ಕೂಡ್ಲೇ ಹೇಳೋಣ. ಇವತ್ತಲ್ಲ ನಾಳೆ ಕೇಳ್ತಾನೆ."

ಅವನು ಕೇಳಲಿಲ್ಲ. ವಾರ ಕಳೆಯಿತು, ಇನ್ನೊಂದು ವಾರವೂ ಕಳೆಯಿತು.

ಮನೆಯಲ್ಲಿ ಎಲ್ಲರೂ ಏನೂ ಆಗಿಲ್ಲವೆಂಬಂತೆ ಇರಲು ಹೊರಟರು. ಅದು ಬಾರದ ವಿದ್ಯೆ. ದೊಡ್ಡವನಿಗೆ ತನ್ನ ಖುಷಿ ತಮ್ಮನ ಎದುರು ಕಳ್ಳತನದ ಮಾಲಿನ ಹಾಗೆ ಅನ್ನಿಸಿ, ಅದನ್ನು ಮುಚ್ಚಲು ಮುಖ ಗಂಟಿಕ್ಕಿಕೊಂಡು ತಿರುಗಿದ. ಕೋಳಿ ಬೇಯಿಸಿದ ದಿನ ತೊಡೆಯ ತುಂಡನ್ನು ತಮ್ಮನ ತಟ್ಟೆಗೆ ಹಾಕಿದ. ಭಾರದ ತುದಿಯನ್ನು ತಾನೇ ಹಿಡಿದ. "ನೀನು ಕೂತ್ಕೋ, ಏಣಿ ನಾನು ಹತ್ತುತೀನಿ" ಎಂದ. ಮೊಮ್ಮಗಳು ಚಿಕ್ಕಪ್ಪನನ್ನು ಕಂಡರೆ ಎದ್ದು ನಿಂತು ಜಾಗ ಬಿಟ್ಟಳು. ಚಿಕ್ಕವ ಇದನ್ನೆಲ್ಲ ನೋಡಿದ. ಅವನಿಗೆ ಒಂದೇ ಅರ್ಥ ಹೊಳೆಯಿತು.

ಅಜ್ಜಿ ಮೊದಲು ಗಮನಿಸಿದ್ದು ಅವನು ಮೆಟ್ಟಿಲಿಳಿಯುವಾಗ ಕಂಬಿ ಹಿಡಿದದ್ದನ್ನು. ಆಮೇಲೆ ಬಟ್ಟಲು ತುಂಬ ಚಹಾ ಬೇಡ, ಮುಕ್ಕಾಲು ಹಾಕು ಎಂದ. ಒಂದು ದಿನ ಬಾಗಿಲ ಹತ್ತಿರ ಕಾಲು ಅಗಲಿಸಿ ನಿಂತು, ಗೋಡೆ ಮುಟ್ಟಿಕೊಂಡು ಚಪ್ಪಲಿ ಹಾಕಿಕೊಂಡ. ಅದೇ ನಿಲುವು, ಅಪ್ಪನದೇ.  ಕಾಯಿಲೆ ಇಲ್ಲವೆಂದು ಕಿವಿಯಾರೆ ಕೇಳಿ ಬಂದವಳಿಗೇ, ಆಸ್ಪತ್ರೆಯವರೂ ಇವರಂತೆಯೇ ಅದಲುಬದಲು ಮಾಡಿರಬಹುದೇ ಎಂಬ ಅನುಮಾನ ಹುಟ್ಟಿತು. ಮೊಮ್ಮಗಳ ಕೈಯಲ್ಲಿ ಫೋನ್ ಮಾಡಿಸಿದಳು.

"ಎರಡು ಸಲ ನೋಡಿದ್ದೀವಿ ಅಜ್ಜಿ, ತಪ್ಪಿಲ್ಲ" ಎಂದಳು ಸಲಹೆಗಾರ್ತಿ. "ಅವರು ಕೇಳಿದ್ರಾ?"

"ಇಲ್ಲ."

"ಅವರನ್ನ ನನ್ನ ಹತ್ತಿರ ಕಳಿಸ್ತೀರಾ? ಬರೀ ಮಾತಾಡೋಣ."

"ಬರಲ್ಲ ಅವನು."

ಸೊಸೆಯೂ ಒಂದು ದಿನ ಕೇಳಲು ಬಂದಳು. ಅಜ್ಜಿ ಹಿತ್ತಲ ಕಟ್ಟೆಯ ಮೇಲೆ ಬಟಾಣಿ ಬಿಡಿಸುತ್ತಿದ್ದಳು. ಸೊಸೆ ಎದುರಿಗೆ ಕೂತು ತಾನೂ ಒಂದು ಹಿಡಿ ತೆಗೆದುಕೊಂಡಳು.

"ಅತ್ತೆ, ನನಗೆ ಹೇಳಿ."

"ಏನನ್ನ?"

"ಏನನ್ನ ಅಂತ ಕೇಳ್ಬೇಡಿ. ನಾಳೆ ಅವರು ಬಿದ್ರೆ ಎತ್ತೋಳು ನಾನು. ನೀವು ಎತ್ತಿದ್ದೀರಿ, ನಿಮಗೆ ಗೊತ್ತಿಲ್ವಾ?"

"ನಿನಗೆ ಹೇಳಿದ್ರೆ ಅವನಿಗೆ ಹೇಳಿದ ಹಾಗೇ. ಒಂದೇ ಹಾಸಿಗೆಯಲ್ಲಿ ಗುಟ್ಟು ನಿಲ್ಲಲ್ಲ."

"ನನಗೂ ಒಂದು ಬದುಕಿದೆ ಅತ್ತೆ. ಏನಾದ್ರೂ ಒಂದು ಗೊತ್ತಾದ್ರೆ ನಾನು ಒಂದು ದಾರಿ ಹಿಡೀಬಹುದು."

"ಅವನನ್ನೇ ಕೇಳೋಕೆ ಹೇಳು."

"ಹೇಳ್ದೆ. ಅವರು ಗೋಡೆ ಕಡೆ ತಿರುಗಿ ಮಲಗಿದ್ರು."

ಅಜ್ಜಿಗೆ ಬಿಸಿ ತುಪ್ಪ ಬಾಯಲ್ಲಿದ್ದ ಹಾಗೆ, ಉಗುಳುವ ಹಾಗೂ ಇಲ್ಲ, ನುಂಗುವ ಹಾಗೂ ಇಲ್ಲ. ಸೊಸೆ ಅಜ್ಜಿಯ ಮುಖವನ್ನು ಬಹಳ ಹೊತ್ತು ನೋಡಿದಳು. ದೇವರಿಂದ ಆಗದ್ದು ಅವಳಿಂದಲೂ ಆಗಲಿಲ್ಲ. ಬಟಾಣಿ ಸಿಪ್ಪೆ ಬಾಚಿಕೊಂಡು ಎದ್ದು ಹೋದಳು.

ಗುಟ್ಟಿನ ಕಟ್ಟೆ ಒಡೆದದ್ದು ಕನ್ನಡಿಯ ಕೆಲಸ ಬಂದಾಗ. ಹೊಸದಾಗಿ ತೆರೆದ ನೃತ್ಯಶಾಲೆಗೆ ಗೋಡೆಯಗಲದ ಕನ್ನಡಿ, ಮೂರನೇ ಮಹಡಿ, ಹೊರುವುದೆಲ್ಲ ಮೆಟ್ಟಿಲಲ್ಲೇ. ಬೆಳಿಗ್ಗೆ ದೊಡ್ಡವ ಕೆಂಡವಾಗಿ ಮೇಲೆ ಬಂದ.

"ಹೊರಲ್ಲ ಅಂತಾನೆ! ಬೇರೆ ಯಾರನ್ನಾದ್ರೂ ಇಟ್ಕೋ ಅಂತಾನೆ. ತಾನು ಅಂಗಡಿಯಲ್ಲಿ ಕೂತು ಅಂಚು ಉಜ್ಜುತಾನಂತೆ ಮುದುಕನ ಹಾಗೆ. ಅಮ್ಮಾ, ಇವತ್ತು ಹೇಳೇ ಹೇಳ್ತೀನಿ. ನಿನ್ನ ಮಾತು ನಿನ್ನ ಹತ್ತಿರಾನೇ ಇರ್ಲಿ!"

"ನೀನು ಇಲ್ಲೇ ಇರು" ಎಂದಳು ಅಜ್ಜಿ. ರೊಟ್ಟಿ, ಬೇಯಿಸಿದ ಮೊಟ್ಟೆ, ಆಲೂಗಡ್ಡೆ ಡಬ್ಬಿಗೆ ಹಾಕಿಕೊಂಡು ಕೆಳಗಿಳಿದಳು.

ಅಂಗಡಿಯಲ್ಲಿ ಚಿಕ್ಕವ ತುಂಡು ಗಾಜುಗಳನ್ನು ಅಳತೆಯ ಪ್ರಕಾರ ಬೇರೆ ಮಾಡುತ್ತ ಕೂತಿದ್ದ. ಕನ್ನಡಿ ಗೋಡೆಗೊರಗಿ ನಿಂತಿತ್ತು, ಅದರೊಳಗೆ ಬೀದಿ ಹೋಗುತ್ತಿತ್ತು.

"ಊಟ."

"ಹಸಿವಿಲ್ಲ."

"ಹಸಿವಿದೆಯಾ ಅಂತ ನಾನು ಕೇಳ್ಲಿಲ್ಲ." ಅಜ್ಜಿ ಮರದ ಪೆಟ್ಟಿಗೆಯ ಮೇಲೆ ಕೂತಳು. "ನೀನು ಕೇಳಪ್ಪಾ."

"ಏನು ಕೇಳ್ಲಿ?"

"ಗೊತ್ತಿದೆ ನಿನಗೆ. ಕೇಳಿದ್ರೆ ಹೇಳೋಕೆ ನನಗೆ ಅಪ್ಪಣೆ ಇದೆ. ಕೇಳ್ದೆ ಹೇಳೋ ಹಾಗಿಲ್ಲ."

ಅವನ ಕೈ ನಿಂತಿತು. "ಇಷ್ಟು ದಿನ ಕೇಳು ಅಂದಿರಲಿಲ್ಲ."

"ಇಷ್ಟು ದಿನ ನೀನು ಕನ್ನಡಿ ಹೊರಲ್ಲ ಅಂದಿರಲಿಲ್ಲ."

ಚಿಕ್ಕವ ತಾಯಿಯ ಮುಖ ನೋಡಿದ. ಅದು ಯಾವಾಗಿನ ಮುಖವೇ. ಕೈಯಲ್ಲಿದ್ದ ತುಂಡನ್ನು ಮೆಲ್ಲಗೆ ಕೆಳಗಿಟ್ಟ.

"ಕೆಟ್ಟದ್ದಾಗಿದ್ರೆ" ಎಂದ ಬಿಡಿಬಿಡಿಯಾಗಿ, "ನೀನು ಬಂದು ಕೇಳು ಅಂತಿರಲಿಲ್ಲ. ಕಲ್ಲು ಹಾಕ್ತೀನಿ ತಲೆ ಒಡ್ಡು ಅಂತ ಯಾವ ತಾಯಿ ಅಂತಾಳೆ?"

ಅಜ್ಜಿ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು. ಅದು ಬಿಗಿಯಾಗಿತ್ತು.

"ಹಾಗಾದ್ರೆ ಆ ಕೋಳಿ ತೊಡೆ?"

"ಯಾವುದು?"

"ಸಾಯೋನಿಗೆ ಇಟ್ಟ ಹಾಗೆ ನನ್ನ ತಟ್ಟೆಗೆ ಬೀಳ್ತಿತ್ತಲ್ಲ!"

"ಅದು ನಿನ್ನ ಅಣ್ಣನ ಬುದ್ಧಿ. ಅವನಿಗೆ ಕಾಲು ಗಂಟೆ ಮುಂಚೆ ಹುಟ್ಟಿದ್ದು ಬಿಟ್ರೆ ಬೇರೆ ಬುದ್ಧಿ ಎಲ್ಲಿ ಬಂತು?"

ಅವನು ನಕ್ಕ. ನಗು ಅರ್ಧಕ್ಕೇ ಕೋಪವಾಯಿತು. ಎದ್ದು ನಿಂತು ಕೂಗಿದ. "ಹೇಳ್ಬಾರದಿತ್ತಾ ಅಮ್ಮಾ? ಇಷ್ಟು ದಿನ ನಾನು ಹೇಗಿದ್ದೆ ಗೊತ್ತಾ?"

"ಹೇಳ್ಬೇಡ ಅಂದಿದ್ದೆ."

"ಅಂದಿದ್ದೆ. ಆದ್ರೂ!"

"ಆ 'ಆದ್ರೂ' ಅನ್ನೋದನ್ನ ಅವತ್ತೇ ಸೇರಿಸಿ ಹೇಳ್ಬೇಕಿತ್ತು."

ಅವನು ಬೀದಿಯ ಕಡೆ ತಿರುಗಿ ನಿಂತ. ಹೆಗಲು ಅಲುಗುತ್ತಿತ್ತು, ಅಜ್ಜಿ ನೋಡಲಿಲ್ಲ, ಮೊಟ್ಟೆಗೆ ಉಪ್ಪು ಉದುರಿಸಿದಳು. ಆಮೇಲೆ ಅವನು ಬಂದು ಕೂತು ಡಬ್ಬಿ ಪೂರ್ತಿ ಖಾಲಿ ಮಾಡಿದ. ಬಾಯಿ ಒರೆಸಿಕೊಂಡು, "ನಾನು ಕೇಳಲ್ಲ" ಎಂದ. "ಅಣ್ಣನ್ನ ಕರಿ. ಬಿಸಿಲೇರೋ ಮುಂಚೆ ಹೊರಬೇಕು."

ಇಬ್ಬರೂ ಕನ್ನಡಿ ಎತ್ತಿದರು. ಚಿಕ್ಕವ ಮುಂದೆ, ದೊಡ್ಡವ ಹಿಂದೆ. "ಮೆಟ್ಟಿಲು" ಎಂದ ಚಿಕ್ಕವ, ಹೊಸ್ತಿಲಲ್ಲಿ. ಅಜ್ಜಿ ಅಭ್ಯಾಸದಿಂದ ಅವನ ಕಾಲು ನೋಡಿದಳು. ಹೆಜ್ಜೆ ನೆಟ್ಟಗಿತ್ತು.

ಅವತ್ತಿನ ರಾತ್ರಿಯೂಟಕ್ಕೆ ಮೊಮ್ಮಗಳೂ ಬಂದಳು. ಚಿಕ್ಕವ ಎರಡನೇ ಸಲ ಬಡಿಸಿಕೊಂಡ, ಬಟ್ಟಲು ತುಂಬ ಚಹಾ ಕೇಳಿದ. ಅಣ್ಣ ಮೂರನೇ ಮಹಡಿಯಲ್ಲಿ ಏದುಸಿರು ಬಿಟ್ಟದ್ದನ್ನು ಅಣಕಿಸಿ ತೋರಿಸಿದ. ದೊಡ್ಡವ ಮೇಜು ಕುಟ್ಟಿ ನಕ್ಕ. ಎಷ್ಟೋ ದಿನದ ಮೇಲೆ ಆ ಮೇಜು ಆ ಸದ್ದು ಕೇಳಿತು.

ಸೊಸೆ ಸೌಟು ಹಿಡಿದುಕೊಂಡೇ ನಿಂತಿದ್ದಳು. ಗಂಡನನ್ನು ನೋಡಿದಳು, ಭಾವನನ್ನು ನೋಡಿದಳು, ಹುಡುಗಿಯನ್ನು ನೋಡಿದಳು.

"ಏನೂ ಇಲ್ಲ, ಅಲ್ವಾ?" ಎಂದಳು. "ಕಾಯಿಲೆ ಇಲ್ಲ."

 ಚಿಕ್ಕವ ತಾಯಿಯ ಕಡೆ ತಿರುಗಿದ. "ಹೇಳಮ್ಮಾ. ಅವಳು ಕೇಳ್ತಿದ್ದಾಳೆ."

"ಇಲ್ಲ" ಎಂದಳು ಅಜ್ಜಿ. "ಯಾರಿಗೂ ಇಲ್ಲ."

"ಯಾವಾಗಿಂದ ಗೊತ್ತು?"

"ಮೊದಲ ದಿನದಿಂದ, ಚಿಕ್ಕಮ್ಮಾ" ಎಂದಳು ಮೊಮ್ಮಗಳು, ಸಣ್ಣ ದನಿಯಲ್ಲಿ.

ಸೊಸೆ ಸೌಟನ್ನು ಪಾತ್ರೆಗೆ ಹಾಕಿದಳು. ಹಾಕಿದ ಸದ್ದು ಜೋರಾಗಿಯೇನೂ ಇರಲಿಲ್ಲ.

"ನಮ್ಮ ಬಟ್ಟೆ ಅಂಗಡಿಯಲ್ಲಿ ಕತ್ತರಿಸೋ ಮೇಜಿನ ಜವಾಬ್ದಾರಿ ನನಗೆ ಕೊಡ್ತೀವಿ ಅಂದಿದ್ರು. ಹನ್ನೆರಡು ಜನ ನನ್ನ ಕೈಕೆಳಗೆ. ಹೋದ ವಾರ ಬೇಡ ಅಂತ ಹೇಳಿ ಬಂದೆ. ಮನೇಲಿ ನೋಡ್ಕೊಳ್ಳೋ ಕಾಲ ಬರುತ್ತೆ, ಬೆಳಿಗ್ಗೆಯಿಂದ ಸಂಜೆವರೆಗೆ ನಿಲ್ಲೋಕೆ ಆಗಲ್ಲ ಅಂದೆ. ನನಗಿಂತ ಆಮೇಲೆ ಸೇರಿದೋಳಿಗೆ ಕೊಟ್ರು. ಸೋಮವಾರದಿಂದ ಅವಳು ಹೇಳಿದ್ದನ್ನ ನಾನು ಹೊಲೀಬೇಕು."

"ನನಗೆ ಹೇಳ್ಲೇ ಇಲ್ವಲ್ಲ!" ಎಂದ ಚಿಕ್ಕವ.

"ನಿಮಗೆ ಏನೂ ಹೇಳ್ಬಾರದು ಅಂತ ತಾನೇ ಈ ಮನೇಲಿ ಕಟ್ಟಪ್ಪಣೆ ಆಗಿದ್ದು?"

"ನಾಳೆ ಇಬ್ಬರೂ ಹೋಗಿ ಕೇಳೋಣ."

"ಏನಂತ? ನನ್ನ ಗಂಡನಿಗೆ ಕಾಯಿಲೆ ಇಲ್ವಂತೆ, ಮೇಜು ವಾಪಸ್ ಕೊಡಿ ಅಂತಾನಾ?"

ದೊಡ್ಡವ ನಗಲು ಹೋಗಿ ತಟ್ಟೆಯ ಕಡೆ ತಲೆ ತಗ್ಗಿಸಿದ.

"ನೀವೆಲ್ಲ ಮಾತು ಉಳಿಸ್ಕೊಂಡ್ರಿ" ಎಂದಳು ಸೊಸೆ. ಮಾತನ್ನು ಎಲ್ಲರಿಗೂ ಆಡಿದಳು, ಕಣ್ಣು ಮಾತ್ರ ಅತ್ತೆಯ ಮೇಲಿತ್ತು. "ಅವರಿಗೆ ಕೊಟ್ಟ ಮಾತು. ಒಳ್ಳೇದು. ಆ ಮಾತು ಕೊಡುವಾಗ ನಾನು ಎಲ್ಲಿದ್ದೆ ಅತ್ತೆ?"

 ಗಂಡನನ್ನು ಎತ್ತಿ ಎತ್ತಿ ಸೊಂಟ ಹೋದವಳು ಅಜ್ಜಿ. ಈ ಮನೆಯಲ್ಲಿ ಈ ಪ್ರಶ್ನೆ ಬೇರೆ ಯಾರಿಗೆ ಹೊಳೆಯದಿದ್ದರೂ ತನಗೆ ಹೊಳೆಯಬೇಕಿತ್ತು ಎಂದು ಅವಳಿಗೆ ಈಗ ಗೊತ್ತಾಯಿತು. 

ಸೊಸೆ ತನ್ನ ತಟ್ಟೆಗೆ ತಾನೇ ಬಡಿಸಿಕೊಂಡು ಕೂತು ಉಂಡಳು. ಅವಸರ ಮಾಡಲಿಲ್ಲ. ಬೇರೆಯವರು ಅವಳು ಮುಗಿಸುವ ತನಕ ಕಾದರು.

ಅಜ್ಜಿ ಎದ್ದು ಎಲ್ಲರ ತಟ್ಟೆ ಒಟ್ಟುಗೂಡಿಸಿದಳು, ಕೊನೆಗೆ ಸೊಸೆಯ ತಟ್ಟೆಗೂ ಕೈ ಚಾಚಿದಳು. ಮದುವೆಯಾಗಿ ಬಂದ ದಿನದಿಂದ ಅವಳು, ಬಿಡಿ ಅತ್ತೆ, ನಾನು ತೊಳೀತೀನಿ ಎನ್ನದೆ ಇದ್ದ ದಿನವಿರಲಿಲ್ಲ. ಅವತ್ತು ಅನ್ನಲಿಲ್ಲ. ತಟ್ಟೆಯನ್ನು ಅಜ್ಜಿಯ ಕೈಗೆ ಕೊಟ್ಟು, ಕೂತೇ ಇದ್ದಳು. ಅಜ್ಜಿ ಸೆರಗು ಸಿಕ್ಕಿಸಿಕೊಂಡು ನಲ್ಲಿ ತಿರುಗಿಸಿದಳು, ಒಂದೊಂದಾಗಿ ಎಲ್ಲವನ್ನೂ ತೊಳೆದಳು.